ವಿಯೆಟ್ನಾಂಗೆ ಮೂರು ವಾರ: ಮೊದಲು ತಿಂಗಳು, ಆಮೇಲೆ ಊರು

ಮೊದಲ ಸಲ ವಿಯೆಟ್ನಾಂಗೆ ಹೊರಟವರು ನಮ್ಮ ಟ್ರಾವೆಲ್ ಆಫೀಸಿಗೆ ಬರುವಾಗ ಒಂದು ಪಟ್ಟಿ ತಂದೇ ತರುತ್ತಾರೆ. ಹನೋಯ್, ಸಾಪಾ, ಹಾ ಲಾಂಗ್ ಕೊಲ್ಲಿ, ಹುಯೆ, ಹೋಯ್ ಆನ್, ದಲಾತ್, ಮೆಕಾಂಗ್, ಫು ಕ್ವಾಕ್ ದ್ವೀಪ, ಎಲ್ಲವೂ ಅದರಲ್ಲಿರುತ್ತವೆ. ಪಟ್ಟಿ ಆಮೇಲೆ ನೋಡೋಣ, ಹೋಗುವುದು ಯಾವ ತಿಂಗಳು ಎಂದು ನಾನು ಕೇಳುತ್ತೇನೆ. ಮಕ್ಕಳ ರಜೆ, ಆಫೀಸಿನ ರಜೆ ನೋಡಿಕೊಂಡು ಹೇಳುತ್ತಾರೆ. ಅಷ್ಟಕ್ಕೇ ಅರ್ಧ ಪಟ್ಟಿ ತಾನಾಗಿಯೇ ಅಳಿಸಿಹೋಗುತ್ತದೆ.

ಏಕೆಂದರೆ ಈ ದೇಶ ಅಗಲ ಕಡಿಮೆ, ಉದ್ದ ಜಾಸ್ತಿ. ಉತ್ತರದಿಂದ ದಕ್ಷಿಣಕ್ಕೆ ಸುಮಾರು 1,650 ಕಿಲೋಮೀಟರ್. ಒಂದೇ ದಿನ ಒಂದು ತುದಿಯಲ್ಲಿ ಸ್ವೆಟರ್ ಬೇಕು, ಇನ್ನೊಂದು ತುದಿಯಲ್ಲಿ ಬೆವರು ಒರೆಸಿಕೊಳ್ಳಬೇಕು. ದಕ್ಷಿಣದಲ್ಲಿ ಮೇನಿಂದ ಅಕ್ಟೋಬರ್‌ವರೆಗೆ ಮಳೆಗಾಲ. ಆದರೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ ಜೋರಾಗಿ ಸುರಿದು ನಿಂತುಬಿಡುತ್ತದೆ, ತಿರುಗಾಟಕ್ಕೆ ಅಷ್ಟೇನೂ ಅಡ್ಡಿಯಿಲ್ಲ. ಹುಯೆ, ಹೋಯ್ ಆನ್ ಇರುವ ಮಧ್ಯ ಭಾಗದ ಕತೆ ಬೇರೆ. ಅಲ್ಲಿ ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಮಳೆ, ನಡುನಡುವೆ ಚಂಡಮಾರುತ. ಅಕ್ಟೋಬರ್-ನವೆಂಬರ್‌ನಲ್ಲಿ ಹೋಯ್ ಆನ್‌ನ ಹಳೇ ಪೇಟೆಗೆ ಹೊಳೆ ನೀರು ನುಗ್ಗಿ ಬೀದಿಯಲ್ಲಿ ದೋಣಿ ಓಡಾಡುವುದು ಅಲ್ಲಿಯವರಿಗೆ ಹೊಸದಲ್ಲ. ಉತ್ತರದಲ್ಲಿ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಚಳಿ. ಸಾಪಾದಲ್ಲಿ ಮಂಜು ಕವಿದರೆ ಎದುರಿನ ಬೆಟ್ಟವೂ ಕಾಣದು.

ಹಾಗಾಗಿ ದಸರಾ ರಜೆಗೆ ಹೋಗುವವರಿಗೆ ಮಧ್ಯ ಭಾಗ ಪೂರ್ತಿ ಬಿಟ್ಟುಬಿಡಿ ಎನ್ನುತ್ತೇನೆ. ಎರಡು ವಾರ ಉತ್ತರದಲ್ಲಿರಿ, ಕೊನೆಯ ವಾರ ದಕ್ಷಿಣಕ್ಕೆ ವಿಮಾನ ಹತ್ತಿ. ಅಕ್ಟೋಬರ್‌ನಲ್ಲಿ ಉತ್ತರ ತುಂಬಾ ಚೆನ್ನಾಗಿರುತ್ತದೆ. ಇಡೀ ದೇಶ ನೋಡಲೇಬೇಕು ಎನ್ನುವವರಿಗೆ ಮಾರ್ಚ್, ಏಪ್ರಿಲ್ ಸರಿ. ಇನ್ನು ಟೆಟ್, ಅಂದರೆ ಅವರ ಹೊಸ ವರ್ಷ. 2027ರಲ್ಲಿ ಅದು ಫೆಬ್ರವರಿ 6ಕ್ಕೆ. ಆ ವಾರ ಎಲ್ಲರೂ ಊರಿಗೆ ಹೋಗುತ್ತಾರೆ, ಅಂಗಡಿ ಮುಚ್ಚಿರುತ್ತವೆ, ರೈಲಿನಲ್ಲಿ ಸೀಟು ಸಿಗದು. ಮೊದಲ ಪ್ರವಾಸಕ್ಕೆ ಅದು ಬೇಡ.

ತಿಂಗಳು ಗೊತ್ತಾಯಿತು, ಈಗ ದಾರಿ. ಹನೋಯ್‌ನಲ್ಲಿ ಇಳಿದು ಹೋ ಚಿ ಮಿನ್ ಸಿಟಿಯಿಂದ ವಾಪಸ್ ಹೊರಡಿ, ಅಥವಾ ಇದನ್ನೇ ತಿರುಗಿಸಿ. ಹೋಗಿ ಬರುವುದು ಒಂದೇ ಊರಿನಿಂದ ಎಂದರೆ ಟಿಕೆಟ್ ಅಗ್ಗವಾಗಿ ಕಾಣಬಹುದು. ಆದರೆ ಕೊನೆಯಲ್ಲಿ ಉದ್ದಕ್ಕೂ ಹಿಂದೆ ಬರಬೇಕಲ್ಲ, ಅದರ ಖರ್ಚೂ ಲೆಕ್ಕಕ್ಕೆ ಸೇರಿಸಿ ನೋಡಿ.

ಆಮೇಲೆ ರಾತ್ರಿಗಳನ್ನು ಹಂಚುವುದು. ಊರು ಬದಲಿಸಿದಾಗಲೆಲ್ಲ ರೂಮ್ ಖಾಲಿ ಮಾಡಿ, ಬಸ್ಸು ಹಿಡಿದು, ಹೊಸ ರೂಮ್ ಸೇರುವಷ್ಟರಲ್ಲಿ ಅರ್ಧ ದಿನ ಹೋಯಿತು. ಮಾರ್ಚ್‌ನ ಇಪ್ಪತ್ತು ರಾತ್ರಿಗೆ ನಾನು ಹೀಗೆ ಬರೆದುಕೊಡುತ್ತೇನೆ: ಹನೋಯ್ 4, ಹಾ ಲಾಂಗ್‌ನಲ್ಲಿ ದೋಣಿಯ ಮೇಲೆ 1, ನಿನ್ ಬಿನ್ 3, ಹುಯೆ 3, ಹೋಯ್ ಆನ್ 4, ಹೋ ಚಿ ಮಿನ್ ಸಿಟಿ 3, ಮೆಕಾಂಗ್ ಬಯಲಿನ ಕಾನ್ ಥೋ 2. ಸಾಪಾ ಎಲ್ಲಿ ಎಂದು ಕೇಳುತ್ತಾರೆ. ಹನೋಯ್‌ನಿಂದ ಅಲ್ಲಿಗೆ ಹೋಗಿ ಬರಲು ಬಸ್ಸಿನಲ್ಲೇ ಒಂದು ದಿನ ಬೇಕು. ಸುಣ್ಣಕಲ್ಲಿನ ಬೆಟ್ಟ, ಗದ್ದೆ, ಹೊಳೆ ಎಲ್ಲವೂ ನಿನ್ ಬಿನ್‌ನಲ್ಲಿ ಸೈಕಲ್ ತುಳಿಯುವಷ್ಟು ಹತ್ತಿರದಲ್ಲಿವೆ.

ಹುಯೆಯಿಂದ ದಾ ನಾಂಗ್‌ಗೆ ಹಗಲಿನ ರೈಲೇ ಹಿಡಿಯಿರಿ. ಹಾಯ್ ವಾನ್ ಘಾಟಿಯಲ್ಲಿ ರೈಲು ಸಮುದ್ರದ ಅಂಚಿಗೇ ಅಂಟಿಕೊಂಡು ಹೋಗುತ್ತದೆ. ದಕ್ಷಿಣಕ್ಕೆ ಹೋಗುವಾಗ ಎಡಗಡೆ ಕೂರಬೇಕು. ಹೋಯ್ ಆನ್‌ಗೆ ರೈಲೂ ಇಲ್ಲ, ವಿಮಾನ ನಿಲ್ದಾಣವೂ ಇಲ್ಲ, ದಾ ನಾಂಗ್‌ನಲ್ಲಿಳಿದು ಸುಮಾರು 30 ಕಿಲೋಮೀಟರ್ ಟ್ಯಾಕ್ಸಿ. 2025ರ ಜುಲೈನಲ್ಲಿ ಪ್ರಾಂತ್ಯಗಳನ್ನು ಒಂದುಗೂಡಿಸಿದ ಮೇಲೆ ಹೋಯ್ ಆನ್ ಕೂಡ ದಾ ನಾಂಗ್ ನಗರಕ್ಕೇ ಸೇರಿದೆ. ಹೋಟೆಲ್ ಬುಕ್ ಮಾಡುವಾಗ ವಿಳಾಸ ಮಾತ್ರ ನೋಡಬೇಡಿ, ನಕ್ಷೆ ನೋಡಿ.

ಹೋಯ್ ಆನ್‌ನಿಂದ ಒಂದು ಬೆಳಿಗ್ಗೆ ಮೀ ಸನ್‌ಗೆ ಕೊಡಿ. ಹಿಂದೆ ಈ ಮಧ್ಯ ಭಾಗವನ್ನು ಆಳಿದ ಚಾಮ್ ರಾಜರು ಭದ್ರೇಶ್ವರ ಎಂಬ ಹೆಸರಿನಲ್ಲಿ ಶಿವನನ್ನು ಪೂಜಿಸಿದ ಜಾಗ. ಇಟ್ಟಿಗೆಯ ಗುಡಿಗಳು, ಸಂಸ್ಕೃತ ಶಾಸನಗಳು. ಅಮೆರಿಕದ ಬಾಂಬಿಗೆ ಸಿಕ್ಕಿ ಎಷ್ಟೋ ಗುಡಿಗಳು ನೆಲಸಮವಾದವು. ಉಳಿದ ಕೆಲವನ್ನು ನಮ್ಮ ಭಾರತೀಯ ಪುರಾತತ್ವ ಇಲಾಖೆಯವರೇ ದುರಸ್ತಿ ಮಾಡಿದ್ದಾರೆ. 2020ರಲ್ಲಿ ಆ ಕೆಲಸದ ನಡುವೆ 9ನೇ ಶತಮಾನದ ಏಕಶಿಲೆಯ ಲಿಂಗ ಸಿಕ್ಕಿತು. ಹಂಪಿ, ಬಾದಾಮಿ ನೋಡಿದವರು ಇಲ್ಲಿ ಗೈಡ್ ಇಲ್ಲದೆಯೂ ಬಹಳ ಹೊತ್ತು ಕಳೆಯಬಲ್ಲರು. ಬಿಸಿಲೇರುವ ಮೊದಲು ಹೋಗಿ. ಕಾನ್ ಥೋದ ತೇಲುವ ಸಂತೆಯ ಮೇಲೆ ಮಾತ್ರ ಇಷ್ಟು ಆಸೆ ಇಟ್ಟುಕೊಳ್ಳಬೇಡಿ. ರಸ್ತೆ, ಸೇತುವೆ ಬಂದ ಮೇಲೆ ವ್ಯಾಪಾರವೆಲ್ಲ ದಡ ಸೇರುತ್ತಿದೆ, ಫೋಟೋದಲ್ಲಿ ಕಾಣುವಷ್ಟು ದೋಣಿಗಳು ಈಗಿಲ್ಲ.

ಸಸ್ಯಾಹಾರಿಗಳು ಹೆದರಬೇಕಾಗಿಲ್ಲ, ಆದರೆ ಸುಮ್ನೆ ತರಕಾರಿ ಕೊಡಿ ಎಂದರೆ ಸಾಲದು. ಮೀನಿನ ಸಾರದಂಥ ನುಕ್ ಮಾಮ್ ಅದರೊಳಗೂ ಇರುತ್ತದೆ. ‘ಕಾಮ್ ಚಾಯ್’ ಎಂಬ ಬೋರ್ಡಿನ ಅಂಗಡಿ ಹುಡುಕಿ. ಬೌದ್ಧರು ಅಮಾವಾಸ್ಯೆ, ಹುಣ್ಣಿಮೆಯ ಹೊತ್ತಿಗೆ ಮಾಂಸ ಬಿಡುವುದರಿಂದ ಇಂಥವು ಹೆಚ್ಚುಕಡಿಮೆ ಎಲ್ಲ ಊರಲ್ಲೂ ಇವೆ. ಹುಯೆಯಲ್ಲಂತೂ ತುಂಬಾ ಇವೆ.

ಬೈಕ್ ವಿಷಯಕ್ಕೆ ಹುಡುಗರು ನನ್ನ ಜೊತೆ ವಾದಕ್ಕೇ ನಿಲ್ಲುತ್ತಾರೆ. ಬಾಡಿಗೆಗೆ ಕೊಡುವವನು ಲೈಸೆನ್ಸ್ ಕೇಳುವುದಿಲ್ಲ, ನಿಜ. ಆದರೆ ನಮ್ಮ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ 1949ರ ರಸ್ತೆ ಸಂಚಾರ ಒಪ್ಪಂದದ್ದು, ವಿಯೆಟ್ನಾಂ ಒಪ್ಪುವುದು 1968ರದ್ದನ್ನು. ಬಿದ್ದರೆ ವಿಮೆ ಕಂಪನಿ ಕೈ ಎತ್ತಿಬಿಡುತ್ತದೆ. ಹಾ ಜಾಂಗ್‌ನ ಬೆಟ್ಟದ ದಾರಿಗೆ ಹೋಗಲೇಬೇಕಾದರೆ ಅಲ್ಲಿಯ ಸವಾರನನ್ನೇ ಗೊತ್ತು ಮಾಡಿಕೊಂಡು ಹಿಂದೆ ಕೂತುಕೊಳ್ಳಿ. ಘಾಟಿ ನೋಡುತ್ತಾ ಹೋಗಬಹುದು, ಅಲ್ವಾ?

ಕೊನೆಗೆ ಇ-ವೀಸಾ. ಒಂದು ಸಲದ ಪ್ರವೇಶಕ್ಕೆ 25 ಡಾಲರ್, 90 ದಿನದವರೆಗೂ ಸಿಗುತ್ತದೆ. ವಿಳಾಸದ ಕೊನೆಯಲ್ಲಿ ಗವ್.ವಿಎನ್ (gov.vn) ಇಲ್ಲದ ವೆಬ್‌ಸೈಟ್‌ಗಳು ಇದಕ್ಕಿಂತ ಜಾಸ್ತಿ ಕೀಳುತ್ತವೆ. ನಮ್ಮಲ್ಲಿ ಪಾಸ್‌ಪೋರ್ಟಿನ ಸರ್‌ನೇಮ್ ಜಾಗ ಖಾಲಿ ಇರುವವರು, ಅಪ್ಪನ ಹೆಸರು, ಊರಿನ ಹೆಸರು ಸೇರಿಕೊಂಡವರು ಬಹಳ. ಫೋಟೋ ಪುಟದ ಕೆಳಗಿನ ಎರಡು ಸಾಲುಗಳಲ್ಲಿ ಹೆಸರು ಹೇಗಿದೆಯೋ ಹಾಗೇ ತುಂಬಿ, ಒಂದಕ್ಷರವನ್ನೂ ಬಿಡಬೇಡಿ. ವೀಸಾ ಕೈಗೆ ಬಂದ ದಿನವೇ ಹೆಸರು, ಪಾಸ್‌ಪೋರ್ಟ್ ನಂಬರ್, ತಾರೀಕು ತಾಳೆ ನೋಡಿಬಿಡಿ. ತಪ್ಪು ಬೆಂಗಳೂರಿನ ಚೆಕ್-ಇನ್ ಕೌಂಟರಿನಲ್ಲಿ ಸಿಕ್ಕಿಬಿದ್ದರೆ ಅಲ್ಲಿ ತಿದ್ದಲು ಆಗದು.