ಅಂಗರಕ್ಷಕರಾಗಲು ಯಾವ ಕೋರ್ಸ್ ಮಾಡಬೇಕು?

ಪ್ರಶ್ನೆ: ಪ್ರಧಾನಿ, ಅಧ್ಯಕ್ಷರ ಪಕ್ಕದಲ್ಲೇ ಇರುತ್ತಾರಲ್ಲ, ಆ ಭದ್ರತಾ ಪಡೆಗೆ ಸೇರುವ ಆಸೆ ನನಗೆ. ಕರಾಟೆಯಲ್ಲಿ ಬ್ಲ್ಯಾಕ್ ಬೆಲ್ಟ್ ಇದೆ. ಯಾವ ಕೋರ್ಸ್ ಮಾಡಬೇಕು? ಕನ್ನಡಕ ಇದ್ದರೆ ತೊಂದರೆನಾ?

ಉತ್ತರ: ಮೊದಲೇ ಹೇಳಿಬಿಡುತ್ತೇನೆ, ಅಂಥ ಕೋರ್ಸ್ ಇಲ್ಲ. ಬಹಳಷ್ಟು ಕಡೆ ಈ ಕೆಲಸಕ್ಕೆ ನೇರವಾಗಿ ಅರ್ಜಿಯನ್ನೂ ಹಾಕಲಾಗುವುದಿಲ್ಲ. ಮೊದಲು ಪೊಲೀಸರಾಗಬೇಕು, ಇಲ್ಲವೇ ಯಾವುದಾದರೂ ಸಶಸ್ತ್ರ ಪಡೆಗೆ ಸೇರಬೇಕು. ಅಲ್ಲಿ ಕೆಲಸ ಮಾಡಿ ಒಳ್ಳೆಯ ಹೆಸರು ತೆಗೆದುಕೊಂಡವರನ್ನು ಮಾತ್ರ ಆರಿಸಿಕೊಳ್ಳುತ್ತಾರೆ.

ನಮ್ಮ ಪ್ರಧಾನಿಯನ್ನು ಕಾಯುವ ಎಸ್‌ಪಿಜಿ (ವಿಶೇಷ ಭದ್ರತಾ ಪಡೆ) ಹೀಗೇ ನಡೆಯುವುದು. ಇಂದಿರಾ ಗಾಂಧಿ ಹತ್ಯೆಯಾದ ಮರುವರ್ಷ, 1985ರಲ್ಲಿ, ಇದು ಶುರುವಾಯಿತು. ಹೆಚ್ಚಾಗಿ ಕೇಂದ್ರದ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಇರುವವರನ್ನೇ ಡೆಪ್ಯುಟೇಶನ್ ಮೇಲೆ, ಅಂದರೆ ಕೆಲವು ವರ್ಷಗಳ ಮಟ್ಟಿಗೆ ಎರವಲಾಗಿ, ಕರೆಸಿಕೊಳ್ಳುತ್ತಾರೆ. ಹಾಗಾಗಿ 'ಎಸ್‌ಪಿಜಿಗೆ ನೇರ ನೇಮಕಾತಿ, ಇಷ್ಟು ದುಡ್ಡು ಕಟ್ಟಿ' ಅಂತ ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಬ್ರಿಟನ್ನಿನಲ್ಲೂ ರಾಜಮನೆತನಕ್ಕೆ, ಪ್ರಧಾನಿಗೆ ಕಾವಲಿರುವವರು ಲಂಡನ್ ಪೊಲೀಸ್ ಇಲಾಖೆಯವರೇ.

ಅಮೆರಿಕದ ಅಧ್ಯಕ್ಷರನ್ನು ಕಾಯುವ ಸೀಕ್ರೆಟ್ ಸರ್ವಿಸ್ ಸ್ವಲ್ಪ ಬೇರೆ. ಅಲ್ಲಿ ನೇರವಾಗಿಯೇ ಸೇರಬಹುದು. ಆ ದೇಶದ ಪ್ರಜೆಯಾಗಿರಬೇಕು, ವಯಸ್ಸು 21 ದಾಟಿರಬೇಕು, ಸಾಮಾನ್ಯ ಅಭ್ಯರ್ಥಿಗಳಿಗೆ 37 ತುಂಬಿರಬಾರದು. ಆದರೆ ಸೇರಿದ ತಕ್ಷಣ ಅಧ್ಯಕ್ಷರ ಪಕ್ಕ ನಿಲ್ಲಿಸುವುದಿಲ್ಲ. ತಿಂಗಳುಗಟ್ಟಲೆ ತರಬೇತಿ, ಆಮೇಲೆ ಕೆಲವು ವರ್ಷ ನಕಲಿ ನೋಟು, ಹಣದ ವಂಚನೆಯಂಥ ಕೇಸುಗಳ ತನಿಖೆ. 1865ರಲ್ಲಿ ಆ ಸಂಸ್ಥೆ ಹುಟ್ಟಿದ್ದೇ ನಕಲಿ ನೋಟು ಹಿಡಿಯುವುದಕ್ಕೆ. ಅಧ್ಯಕ್ಷರನ್ನು ಕಾಯುವ ಕೆಲಸ ಪೂರ್ತಿಯಾಗಿ ಅದರ ಪಾಲಿಗೆ ಬಂದದ್ದು 1901ರಲ್ಲಿ ಅಧ್ಯಕ್ಷ ಮೆಕಿನ್ಲಿ ಹತ್ಯೆಯಾದ ಮೇಲೆ.

ಇನ್ನು ನಿಮ್ಮ ಕರಾಟೆ. ಒಳ್ಳೆಯದೇ, ಬಿಡಬೇಡಿ. ಆದರೆ ಈ ಕೆಲಸದಲ್ಲಿ ನಿಜವಾಗಿ ಬೇಕಾಗುವುದು ಏನು ಅನ್ನುವುದಕ್ಕೆ 1981ರ ಮಾರ್ಚ್ 30ರ ಘಟನೆ ನೋಡಿ. ವಾಷಿಂಗ್ಟನ್ನಿನ ಹೋಟೆಲೊಂದರ ಹೊರಗೆ ಅಮೆರಿಕದ ಆಗಿನ ಅಧ್ಯಕ್ಷ ರೇಗನ್ ಮೇಲೆ ಎರಡು ಸೆಕೆಂಡಿನೊಳಗೆ ಆರು ಗುಂಡು ಹಾರಿದವು. ಸೀಕ್ರೆಟ್ ಸರ್ವಿಸ್‌ನ ಅಂಗರಕ್ಷಕ ಟಿಮ್ ಮೆಕಾರ್ಥಿ ಬಗ್ಗಲಿಲ್ಲ. ಕೈಕಾಲು ಅಗಲಿಸಿ, ಗುಂಡು ಬರುತ್ತಿದ್ದ ಕಡೆಗೇ ತಿರುಗಿ ನಿಂತರು. ಒಂದು ಗುಂಡು ಅವರ ಹೊಟ್ಟೆಗೆ ಬಿತ್ತು. ಇನ್ನೊಬ್ಬ ಅಂಗರಕ್ಷಕ ಜೆರ್ರಿ ಪಾರ್ ಪಿಸ್ತೂಲಿಗೆ ಕೈ ಹಾಕಲಿಲ್ಲ. ರೇಗನ್‌ರನ್ನು ಕಾರಿನೊಳಗೆ ದಬ್ಬಿದರು. ಕಾರು ಶ್ವೇತಭವನದ ಕಡೆ ಹೊರಟಿತು. ಪಾರ್ ಅಧ್ಯಕ್ಷರ ಕೋಟಿನೊಳಗೆ ಕೈಯಾಡಿಸಿ ನೋಡಿದರು, ಎಲ್ಲೂ ರಕ್ತವಿಲ್ಲ. ಅಷ್ಟರಲ್ಲಿ ರೇಗನ್ ಬಾಯಲ್ಲಿ ನೊರೆ ನೊರೆಯಾದ ಕೆಂಪು ರಕ್ತ ಕಾಣಿಸಿತು. ಇದು ಶ್ವಾಸಕೋಶದ ಪೆಟ್ಟು ಅಂತ ಪಾರ್ ಅಂದಾಜು ಮಾಡಿ ಕಾರನ್ನು ಆಸ್ಪತ್ರೆಗೆ ತಿರುಗಿಸಿದರು. ಆ ತೀರ್ಮಾನದಿಂದಲೇ ರೇಗನ್ ಉಳಿದದ್ದು.

ಇಬ್ಬರಲ್ಲಿ ಒಬ್ಬರೂ ಹೊಡೆದಾಡಲಿಲ್ಲ, ಗಮನಿಸಿ. ಒಬ್ಬರು ಅಡ್ಡ ನಿಂತರು, ಇನ್ನೊಬ್ಬರು ಅಲ್ಲಿಂದ ಪಾರು ಮಾಡಿದರು. ತರಬೇತಿಯಲ್ಲಿ ಮತ್ತೆ ಮತ್ತೆ ಮಾಡಿಸುವುದು ಇದನ್ನೇ. ಸದ್ದು ಕೇಳಿದರೆ ಬಗ್ಗುವುದು ಮನುಷ್ಯನ ಸಹಜ ಗುಣ ಅಲ್ವಾ? ಅದನ್ನು ಮರೆಸಬೇಕು. ಗುರಿ ಹೊಡೆಯುವುದು, ಬರಿಗೈ ಕಾದಾಟ, ವೇಗದ ಡ್ರೈವಿಂಗ್, ಪ್ರಥಮ ಚಿಕಿತ್ಸೆ ಎಲ್ಲವೂ ಇರುತ್ತವೆ. ಗಣ್ಯರು ಬರುವ ಮೊದಲೇ ಜಾಗಕ್ಕೆ ಹೋಗಿ ಬಾಗಿಲು, ಮೆಟ್ಟಿಲು, ತಾರಸಿ, ಹತ್ತಿರದ ಆಸ್ಪತ್ರೆ ಎಲ್ಲ ನೋಡಿಕೊಳ್ಳುವುದನ್ನೂ ಕಲಿಸುತ್ತಾರೆ. ಜಾಸ್ತಿ ಹೊತ್ತು ಹಿಡಿಯುವುದು ಈ ಕೆಲಸವೇ.

ಇದರಲ್ಲಿ ತಪ್ಪಾದರೆ ಏನಾಗುತ್ತದೆ ಅಂತ 2022ರ ಜುಲೈ 8ರಂದು ಜಪಾನಿನ ನಾರಾದಲ್ಲಿ ಕಂಡೆವು. ಮಾಜಿ ಪ್ರಧಾನಿ ಶಿಂಜೊ ಅಬೆ ಬೀದಿಯಲ್ಲಿ ಭಾಷಣ ಮಾಡುತ್ತಿದ್ದರು. ಹಂತಕ ಬಂದದ್ದು ಹಿಂದಿನಿಂದ. ಮೊದಲ ಗುಂಡು ತಗಲಲಿಲ್ಲ, ಎರಡನೆಯದು ತಗಲಿತು. ನಡುವೆ ಇದ್ದದ್ದು ಎರಡು ಮೂರು ಸೆಕೆಂಡು, ಅಷ್ಟರಲ್ಲಿ ಯಾರೂ ಅವರಿಗೆ ಅಡ್ಡವಾಗಲಿಲ್ಲ. ಹಿಂಬದಿಯ ಕಾವಲು ಸಾಲದಾಗಿತ್ತು ಅಂತ ಜಪಾನಿನ ಪೊಲೀಸರೇ ಆಮೇಲೆ ಒಪ್ಪಿಕೊಂಡರು.

ಹಾಗಾಗಿ ನನ್ನನ್ನು ಕೇಳಿದರೆ, ಮೈಕಟ್ಟಿಗಿಂತ ತಾಳ್ಮೆ ದೊಡ್ಡದು. ಗಂಟೆಗಟ್ಟಲೆ ಸುಮ್ನೆ ನಿಂತು ಜನರ ಕೈಗಳನ್ನು ನೋಡುತ್ತಿರಬೇಕು. ಬೇಜಾರಾಯಿತು ಅಂತ ಗಮನ ಆಚೀಚೆ ಹೋಗಬಾರದು.

ಇನ್ನೊಂದು, ಹಿನ್ನೆಲೆ ಪರಿಶೀಲನೆ. ಎಷ್ಟೋ ಜನ ಇದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಪೊಲೀಸ್ ಕೇಸು, ಸಾಲ, ಮಾದಕ ವಸ್ತು, ಯಾರ ಜೊತೆ ಓಡಾಟ, ಎಲ್ಲವನ್ನೂ ಕೆದಕುತ್ತಾರೆ. ಅಮೆರಿಕದಲ್ಲಿ ಸುಳ್ಳುಪತ್ತೆ ಯಂತ್ರದ ಮುಂದೆಯೂ ಕೂರಿಸುತ್ತಾರೆ. ಸಣ್ಣ ತಪ್ಪು ಇದ್ದರೆ ಮುಚ್ಚಿಡಬೇಡಿ. ತಪ್ಪಿಗಿಂತ ಮುಚ್ಚಿಟ್ಟದ್ದೇ ಅನೇಕ ಸಲ ಮುಳುವಾಗುತ್ತದೆ.

ಡಿಗ್ರಿ ಯಾವುದಾದರೂ ಪರವಾಗಿಲ್ಲ. ನೀವು ಸೇರಬೇಕೆಂದಿರುವ ಪಡೆ ಏನು ಕೇಳುತ್ತದೋ ಅದು ಇದ್ದರೆ ಸಾಕು. ಓದುತ್ತಿರುವಾಗಲೇ ಪ್ರಥಮ ಚಿಕಿತ್ಸೆ ಕಲಿಯಿರಿ, ಡ್ರೈವಿಂಗ್ ಲೈಸೆನ್ಸ್ ಮಾಡಿಸಿ, ಇನ್ನೊಂದು ಭಾಷೆ ರೂಢಿ ಮಾಡಿಕೊಳ್ಳಿ.

ಕನ್ನಡಕದ ವಿಷಯದಲ್ಲಿ ಒಂದೊಂದು ಪಡೆಯದು ಒಂದೊಂದು ನಿಯಮ. ಸೀಕ್ರೆಟ್ ಸರ್ವಿಸ್‌ನಲ್ಲಿ ಕನ್ನಡಕ ಅಥವಾ ಲೆನ್ಸ್ ಹಾಕಿದ ಮೇಲೆ ದೃಷ್ಟಿ 20/20, ಅಂದರೆ ಸಹಜ ದೃಷ್ಟಿಯ ಮಟ್ಟಕ್ಕೆ, ಬರಬೇಕು. ಲೇಸಿಕ್ (ಕನ್ನಡಕ ಬಿಡಿಸುವ ಲೇಸರ್ ಆಪರೇಷನ್) ಮಾಡಿಸಿಕೊಂಡವರನ್ನೂ ತೆಗೆದುಕೊಳ್ಳುತ್ತಾರೆ, ಆಪರೇಷನ್ ಆಗಿ ನಿಗದಿತ ಅವಧಿ ಕಳೆದಿರಬೇಕು ಅಷ್ಟೇ. ಕೆಲವು ಪಡೆಗಳು ಕನ್ನಡಕವನ್ನೂ ಲೇಸಿಕ್ ಅನ್ನೂ ಒಪ್ಪುವುದಿಲ್ಲ. ಅದಕ್ಕೇ ನೀವು ಸೇರಬೇಕೆಂದಿರುವ ಪಡೆಯ ವೈದ್ಯಕೀಯ ನಿಯಮ ಓದದೆ ಕಣ್ಣಿನ ಆಪರೇಷನ್‌ಗೆ ಹೋಗಬೇಡಿ.