ಮಳೆಯಲ್ಲಿ ಆಡಿದರೆ ಶೀತ ಆಗುತ್ತಾ? ಇನ್ನೊಂದು ಸಲ ಹೇಳ್ತೀನಿ

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರ. ಮಗನಿಗೆ 4 ವರ್ಷ. ಮಳೆ ಹಿಡಿದ ಮೇಲೆ ಮನೆಯೊಳಗೇ ಇದ್ದಾನೆ, ಮೊಬೈಲ್ ಬಿಡುವುದಿಲ್ಲ. ಹೊರಗೆ ಆಡೋಕೆ ಬಿಟ್ಟರೆ ಶೀತ ಆಗುತ್ತೆ ಅಂತ ಅತ್ತೆ ಬೈಯುತ್ತಾರೆ. ಏನು ಮಾಡಲಿ?

ಬಿಡಿ, ಆಡಲಿ.

ಉತ್ತರ ಇಷ್ಟೇ. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಮುಂದಿನ ವಾರ ಇದೇ ಪ್ರಶ್ನೆ ಕೊಪ್ಪದಿಂದ ಬರುತ್ತದೆ, ಅದರ ಮುಂದಿನ ವಾರ ಸಕಲೇಶಪುರದಿಂದ. ಜೂನ್ ಬಂತೆಂದರೆ ನನಗೆ ಇದೇ ಕೆಲಸ.

ಶೀತ ತರುವುದು ವೈರಸ್, ಮಳೆ ನೀರಲ್ಲ. ರೈನೋವೈರಸ್ ಒಂದರಲ್ಲೇ ನೂರಕ್ಕೂ ಹೆಚ್ಚು ಬಗೆ ಇವೆ. ಸಣ್ಣ ಮಕ್ಕಳಿಗೆ ಅವೆಲ್ಲ ಹೊಸದು, ಹಾಗಾಗಿ ವರ್ಷಕ್ಕೆ ಆರೆಂಟು ಸಲ ಮೂಗು ಸೋರುವುದು ಮಾಮೂಲು. ನಮ್ಮಲ್ಲಿ ವರ್ಷದಲ್ಲಿ ನಾಲ್ಕು ತಿಂಗಳು ಮಳೆಯೇ ಇರುವಾಗ ಆ ಆರೆಂಟರಲ್ಲಿ ಎರಡು ಮೂರು ಮಳೆ ದಿನಕ್ಕೇ ಬೀಳುತ್ತವೆ, ಅದಕ್ಕೆ ಮಳೆ ಏನು ಮಾಡಬೇಕು ಹೇಳಿ?

ಭಾನುವಾರ ಮದುವೆಗೆ ಹೋಗಿರುತ್ತೀರಿ. ಛತ್ರದಲ್ಲಿ ಹತ್ತು ಜನ ಮಗುವಿನ ಕೆನ್ನೆ ಹಿಂಡಿರುತ್ತಾರೆ, ಅದರಲ್ಲಿ ಇಬ್ಬರು ಕೆಮ್ಮುತ್ತಿದ್ದವರು. ಮಂಗಳವಾರ ಮಗು ಮಳೆಯಲ್ಲಿ ನೆನೆಯುತ್ತದೆ. ಬುಧವಾರ ಸೀನು. ವೈರಸ್ ಒಳಗೆ ಹೋಗಿ ಶೀತ ಕಾಣಿಸಲು ಒಂದರಿಂದ ಮೂರು ದಿನ ಬೇಕು, ಲೆಕ್ಕ ಹಾಕಿ. ಆದರೂ ಬೈಗುಳ ಮಳೆಗೇ, ಮದುವೆ ಮನೆಯವರಿಗೆ ಯಾರೂ ಬೈಯುವುದಿಲ್ಲ.

ನಾರ್ವೆಗೆ ಸೇರಿದ ಸ್ಪಿಟ್ಸ್‌ಬರ್ಗನ್ ದ್ವೀಪದಲ್ಲಿ 1930ರ ಸುಮಾರಿಗೆ ಇದನ್ನು ಗಮನಿಸಿ ಬರೆದಿಟ್ಟಿದ್ದಾರೆ. ಉತ್ತರ ಧ್ರುವದ ಹತ್ತಿರ, ಮೈ ಕೊರೆಯುವ ಚಳಿ. ಸಮುದ್ರ ಹೆಪ್ಪುಗಟ್ಟಿ ಹಡಗು ಬಾರದ ತಿಂಗಳುಗಳಲ್ಲಿ ಅಲ್ಲಿನವರಿಗೆ ಶೀತವೇ ಅಪರೂಪ. ಚಳಿ ಕಳೆದು ಮೊದಲ ಹಡಗು ಬಂತು ನೋಡಿ, ಊರೆಲ್ಲ ಸೀನಲು ಶುರು! ಶೀತ ಬಂದದ್ದು ಚಳಿಯಿಂದಲ್ಲ, ಹಡಗು ಇಳಿದ ಜನರಿಂದ.

ಹಾಗಾದರೆ ಮಳೆಗಾಲದಲ್ಲೇ ಜಾಸ್ತಿ ಯಾಕೆ? ಕಿಟಕಿ ಬಾಗಿಲು ಹಾಕಿಕೊಂಡು ಎಲ್ಲರೂ ಒಂದೇ ಕೋಣೆಯಲ್ಲಿ ಕೂರುತ್ತೇವೆ, ಒಬ್ಬರ ಉಸಿರು ಇನ್ನೊಬ್ಬರಿಗೆ. ತಣ್ಣನೆ ಗಾಳಿಗೆ ಮೂಗಿನ ಒಳಗಿನ ಕಾವಲು ಸ್ವಲ್ಪ ಸಡಿಲವಾಗುತ್ತದೆ ಅನ್ನುವುದೂ ಇದೆ, ಅತ್ತೆಯವರ ಪರ ಅಷ್ಟು ಹೇಳಬಹುದು. ಆದರೆ ವೈರಸ್ಸೇ ಇಲ್ಲದಿದ್ದರೆ ಎಷ್ಟು ನೆನೆದರೂ ಶೀತ ಇಲ್ಲ. ಅಂಗಳದಲ್ಲಿ ಒಬ್ಬನೇ ಕೆಸರು ತುಳಿಯುವವನಿಗೆ ಅದನ್ನು ಕೊಡುವವರು ಯಾರು?

ಉಬ್ಬಸ ಇರುವ ಮಕ್ಕಳ ಮಾತು ಬೇರೆ, ಡಾಕ್ಟರನ್ನು ಕೇಳಿ. ಗುಡುಗು ಸಿಡಿಲಿದ್ದಾಗ, ಹಳ್ಳ ತುಂಬಿದಾಗ, ಕರೆಂಟ್ ತಂತಿ ಬಿದ್ದಾಗ ಬೇಡ. ಇದನ್ನೂ ಹೇಳಬೇಕಾ?

ಈಗ ಲಾಭ. ಮೂರು ನಾಲ್ಕು ವರ್ಷದವರು ದಿನಕ್ಕೆ 180 ನಿಮಿಷ ಮೈ ಆಡಿಸಬೇಕು, ಅದರಲ್ಲಿ 60 ನಿಮಿಷ ಏದುಸಿರು ಬರುವಷ್ಟು, ಮೊಬೈಲ್ ಟಿವಿ ಒಂದು ಗಂಟೆ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಮೂರು ಗಂಟೆಯನ್ನು ಹಜಾರದಲ್ಲಿ ಎಲ್ಲಿ ತುಂಬಿಸುತ್ತೀರಿ? ಕಣ್ಣಿನದೂ ಇದೆ. ಚೀನಾದ ಗ್ವಾಂಗ್‌ಝೌ ನಗರದ ಕೆಲವು ಶಾಲೆಗಳಲ್ಲಿ ಒಂದನೇ ತರಗತಿಯವರನ್ನು ದಿನಕ್ಕೆ 40 ನಿಮಿಷ ಹೆಚ್ಚಿಗೆ ಹೊರಗೆ ಬಿಟ್ಟರು. ಮೂರು ವರ್ಷ ಕಳೆದಾಗ ದೂರದ್ದು ಮಸುಕಾಗಿ ಕಾಣುವ ತೊಂದರೆ ಅವರಲ್ಲಿ ನೂರಕ್ಕೆ 30 ಮಕ್ಕಳಿಗೆ ಬಂದಿತ್ತು, ಉಳಿದ ಶಾಲೆಗಳಲ್ಲಿ ಸುಮಾರು 40ಕ್ಕೆ. ಮೋಡ ಕವಿದಿದ್ದರೂ ಹೊರಗಿನ ಬೆಳಕು ನಿಮ್ಮ ಟ್ಯೂಬ್‌ಲೈಟಿಗಿಂತ ಎಷ್ಟೋ ಪಟ್ಟು ಜಾಸ್ತಿ.

ಉಳಿದದ್ದನ್ನು ನೀವೇ ಜಗಲಿ ಮೇಲೆ ಕೂತು ನೋಡಿ. ಕಳೆದ ವರ್ಷ ನನ್ನ ಅಂಗಳದಲ್ಲಿ ಮೂವರು ಪುಟಾಣಿಗಳು ಸೂರಿನ ನೀರಿಗೆ ಒಡ್ಡು ಕಟ್ಟುತ್ತಿದ್ದರು. ಮಣ್ಣು ಕೊಚ್ಚಿ ಹೋಯಿತು. ಕಲ್ಲಿಟ್ಟರು, ಸಂದಿಯಲ್ಲಿ ಸೋರಿತು. ದೊಡ್ಡವಳು ಕಾಫಿ ಎಲೆ ತಂದು ಸಂದಿಗೆ ತುರುಕಿ ಮೇಲೆ ಕೆಸರು ಬಡಿದಳು, ನಿಂತಿತು. ಜಗಳ ಎರಡು ಸಲ, ರಾಜಿ ಎರಡು ಸಲ. ನಾನು ಬಾಯಿ ಬಿಡಲಿಲ್ಲ. ಟೀಚರ್ ಆಗಿ ನನಗೆ ಅದೇ ಕಷ್ಟದ ಕೆಲಸ.

ಇದನ್ನು ಓದಿ ಯಾರಾದರೂ, 'ಸುಮ್ನೆ ಕೆಸರಾಟ ಯಾಕೆ, ಕ್ರಿಕೆಟ್ ಕೋಚಿಂಗಿಗೇ ಹಾಕಿಬಿಡೋಣ್ವಾ' ಅನ್ನುತ್ತಾರೆ, ಗೊತ್ತು. ಜಾವಗಲ್ ಶ್ರೀನಾಥ್ ನಮ್ಮ ಹಾಸನದ ಕಡೆಯವರು, ವೇದಾ ಕೃಷ್ಣಮೂರ್ತಿ ಕಡೂರಿನವರು, ಆಸೆ ತಪ್ಪಲ್ಲ. ಆದರೆ ನಾಲ್ಕು ವರ್ಷದ ಕಣ್ಣಿಗೆ ವೇಗವಾಗಿ ಬರುವ ಚೆಂಡಿನ ಅಂದಾಜೇ ಸಿಗುವುದಿಲ್ಲ, ಸರದಿ ಕಾಯುವ ತಾಳ್ಮೆಯೂ ಇರುವುದಿಲ್ಲ. ಆರು ವರ್ಷ ಆಗಲಿ. ಅಲ್ಲೀವರೆಗೆ ಹಳೇ ಕಾಲುಚೀಲಕ್ಕೆ ಬಟ್ಟೆ ಚೂರು ತುಂಬಿ ಬಾಯಿ ಹೊಲಿದರೆ ಚೆಂಡು ರೆಡಿ. ನೆನೆದರೆ ಒಲೆ ಮೇಲಿನ ಅಟ್ಟದಲ್ಲಿಡಿ, ಬೆಳಿಗ್ಗೆಗೆ ಒಣಗಿರುತ್ತದೆ.