“ಕುಂದ್ರವಲ್ದ್ರಿ ಸರ್”

ಪುಣೆ ಹತ್ತಿರದ ಭೋಸರಿಯ ನಮ್ಮ ಶಾಪ್‌ನಲ್ಲಿ ಅಸೆಂಬ್ಲಿ ಟೇಬಲ್ಲಿನ ಮೇಲೆ ಸದಾ ಒಂದು ತಾಮ್ರದ ಸುತ್ತಿಗೆ ಇರುತ್ತಿತ್ತು. ಅಥಣಿ ಕಡೆಯ ಹುಡುಗನೊಬ್ಬ ಅದರಿಂದ ಸೆನ್ಸರ್ ಬ್ರಾಕೆಟ್ಟಿಗೆ ಮೆಲ್ಲಗೆ ಎರಡೇಟು ಹಾಕುತ್ತಿದ್ದ. ಕೇಳಿದರೆ, “ಸ್ವಲ್ಪ ಬಿಗಿ ಐತ್ರಿ ಸರ್, ಬಡದ್ರ ಕುಂದರ್ತೈತಿ” ಎಂದ. ಇನ್‌ಸ್ಪೆಕ್ಷನ್ನಿನಲ್ಲೇ ತಲೆ ಬೆಳ್ಳಗಾದ ನನಗೆ ಆಗ ನೆನಪಾದದ್ದು ರಷ್ಯಾದವರು ರಾಕೆಟ್ ಹಾರಿಸುವ ಕಝಾಕಿಸ್ತಾನದ ಬೈಕನೂರು.

2013ರ ಜುಲೈ 2ರಂದು ಅಲ್ಲಿಂದ ಎದ್ದ ಪ್ರೋಟಾನ್-ಎಂ ರಾಕೆಟ್ ಓಲಾಡಿ, ತಲೆಕೆಳಗಾಗಿ, ಅರ್ಧ ನಿಮಿಷದಲ್ಲಿ ದಾರಿ ತೋರಿಸುವ ಮೂರು ಗ್ಲೊನಾಸ್ ಉಪಗ್ರಹಗಳ ಸಮೇತ ನೆಲಕ್ಕೆ ಬಿತ್ತು. ರಾಕೆಟ್ ಎಷ್ಟು ವೇಗವಾಗಿ ಹೊರಳುತ್ತಿದೆ ಎಂದು ಅಳೆಯುವ ಸೆನ್ಸರ್‌ಗಳಲ್ಲಿ ಕೆಲವನ್ನು ಉಲ್ಟಾ ಕೂರಿಸಿದ್ದರು. ಎಡಕ್ಕೆ ಹೊರಳಿದರೆ ಕಂಪ್ಯೂಟರಿಗೆ ಬಲಕ್ಕೆಂಬ ಸುದ್ದಿ. ಅದು ತಿದ್ದಿದಷ್ಟೂ ಇನ್ನಷ್ಟು ಎಡಕ್ಕೆ. ಮೊದಲೇ ಯಾಕೆ ಸಿಗಲಿಲ್ಲ ಅಂದರೆ, ವೈರಿಂಗ್ ಸರಿಯಾಗಿತ್ತು. ನಿಂತ ರಾಕೆಟ್ ಹೊರಳುವುದಿಲ್ಲ, ಸೊನ್ನೆಯನ್ನು ಉಲ್ಟಾ ಹಿಡಿದರೂ ಸೊನ್ನೆಯೇ.

ಆ ಸೆನ್ಸರ್ ಮೇಲೆ ಬಾಣದ ಗುರುತಿತ್ತು. ತಪ್ಪಾಗಿ ಕೂರದಿರಲೆಂದು ಪಿನ್ನುಗಳೂ ಇದ್ದವು. ಪುಣೆಯ ಆಟೋ ಲೈನುಗಳಲ್ಲಿ ಇದಕ್ಕೆ ಪೋಕಾ-ಯೋಕೆ ಎನ್ನುತ್ತಾರೆ, ಆಡಿಟ್ ದಿನ ಎಲ್ಲರ ಬಾಯಲ್ಲೂ ಅದೇ ಜಪ. ಆದರೆ ತನಿಖೆಯವರಿಗೆ ಸಿಕ್ಕಿದ್ದು ಬಲವಂತದಿಂದ ಒತ್ತಿ ಕೂರಿಸಿದ ಗುರುತು. ಪಿನ್ನು ತನ್ನ ಕೆಲಸ ಮಾಡಿತ್ತು, ‘ಕೂರುವುದಿಲ್ಲ’ ಎಂದಿತ್ತು. ಕೇಳಿಸಿಕೊಳ್ಳುವವರಿರಲಿಲ್ಲ.

2018ರ ಅಕ್ಟೋಬರ್ 11ರಂದು ಹಾರಿದ ರಷ್ಯಾದ ಸೋಯುಜ್ ರಾಕೆಟ್‌ನಲ್ಲಿ ಇಬ್ಬರು ಮನುಷ್ಯರಿದ್ದರು. ಜೋಡಿಸುವಾಗ ಒಂದು ಸೆನ್ಸರಿನ ಪಿನ್ನು ಬಾಗಿತ್ತು, ಏಳು ಡಿಗ್ರಿಯೂ ಇಲ್ಲ. ಅದರಿಂದ ಪಕ್ಕದ ಬೂಸ್ಟರಿನ ತುದಿಯನ್ನು ಆಚೆ ತಳ್ಳಬೇಕಿದ್ದ ಕವಾಟ ತೆರೆಯಲಿಲ್ಲ, ಬೂಸ್ಟರ್ ಬಂದು ನಡುವಿನ ಹಂತಕ್ಕೇ ಬಡಿಯಿತು. ಅಪಾಯವಾದರೆ ಕ್ಯಾಬಿನ್ನನ್ನು ಎಳೆದೊಯ್ಯಲೆಂದಿದ್ದ ತುದಿಯ ಎಸ್ಕೇಪ್ ಗೋಪುರ ಅಷ್ಟರಲ್ಲಿ ಕಳಚಿ ಹೋಗಿತ್ತು. ಕ್ಯಾಬಿನ್ನಿನ ಹೊದಿಕೆಗೆ ಜೋಡಿಸಿದ್ದ ಬೇರೆ ರಾಕೆಟ್ ಮೋಟಾರುಗಳು ಕ್ಯಾಬಿನ್ನನ್ನು ಎಳೆದೊಯ್ದವು. ಒಳಗಿದ್ದ ಓವ್ಚಿನಿನ್, ಹೇಗ್ ಇಬ್ಬರೂ ಬದುಕಿದರು, ಮರುವರ್ಷ ಮಾರ್ಚ್‌ನಲ್ಲಿ ಮತ್ತೆ ಹೋದರು. ಆ ಮೋಟಾರುಗಳನ್ನು ಇಟ್ಟವನು ಕೆಳಗೆ ಯಾರೋ ಪಿನ್ನು ಬಾಗಿಸಿಯೇ ಬಾಗಿಸುತ್ತಾನೆ ಎಂದು ಲೆಕ್ಕ ಹಾಕಿದ್ದ. ಆ ಸಂಶಯದ ಬುದ್ಧಿಗೆ ನನ್ನ ನಮಸ್ಕಾರ.

ನಮ್ಮ ಗಗನಯಾನದ ಎಸ್ಕೇಪ್ ವ್ಯವಸ್ಥೆಯ ಪರೀಕ್ಷೆಯೂ, 2023ರ ಅಕ್ಟೋಬರ್ 21ರಂದು, ಹಾರಲು 5 ಸೆಕೆಂಡ್ ಇರುವಾಗ ನಿಂತಿತ್ತು. ಕಾರಣ ಹುಡುಕಿ ಅದೇ ಬೆಳಿಗ್ಗೆ 10 ಗಂಟೆಗೆ ಹಾರಿಸಿದರು. ತಡೆದದ್ದು ಕಂಪ್ಯೂಟರ್. ಅದಕ್ಕೆ ಸೂಪರ್‌ವೈಸರನ ಭಯವಿಲ್ಲ.

ಹುಡುಗನನ್ನು ನಾನು ಬೈಯಲಿಲ್ಲ. ಹಿಂದಿನ ವಾರ ಪಾರ್ಟು ಕೂರುತ್ತಿಲ್ಲವೆಂದು ಲೈನ್ ನಿಲ್ಲಿಸಿದವನಿಗೆ ಎಲ್ಲರೆದುರೇ ಮಂಗಳಾರತಿಯಾಗಿತ್ತು. ಅದನ್ನು ಇವನೂ ನೋಡಿದ್ದ. ಸುತ್ತಿಗೆಯನ್ನು ಟೂಲ್ ರೂಮಿಗೆ ಹಾಕಿಸಿದೆ. ಬೇಕಾದರೆ ರಿಜಿಸ್ಟರಿನಲ್ಲಿ ಯಾವ ಪಾರ್ಟಿಗೆಂದು ಬರೆದು ಒಯ್ಯಬೇಕು. ಸೂಪರ್‌ವೈಸರ್‌ಗೆ ಹೇಳಬೇಕಾದ್ದನ್ನು ಬಾಗಿಲು ಹಾಕಿಕೊಂಡು ಹೇಳಿದೆ.

ಹತ್ತು ದಿನ ಕಳೆದಿರಬೇಕು. ಮಧ್ಯಾಹ್ನದ ಚಹಾ ಹೊತ್ತಿಗೆ ಅದೇ ಹುಡುಗ ಬ್ರಾಕೆಟ್ ಹಿಡಿದು ಬಂದ. “ಕುಂದ್ರವಲ್ದ್ರಿ ಸರ್.” ಗೇಜು ಹಾಕಿದೆ. ತೂತು ಸರಿದಿತ್ತು. ಮೂರು ಟ್ರೇ ಮಾಲಿಗೂ ಕೆಂಪು ಟ್ಯಾಗ್ ಕಟ್ಟಿದೆವು, ಚಹಾ ಆರಿಹೋಗಿತ್ತು.